ಮಂಗಫ್‌ನ ಪರ್ವತಾರೋಹಿ

ಲಿಫ್ಟ್ ಕೆಟ್ಟರೆ ಎರಡನೇ ಮಹಡಿಗೇ ಏದುಸಿರು ಬಿಡುವ, ಕುವೈತಿನ ಮಂಗಫ್‌ನ ಗುಮಾಸ್ತ ಕೊನ್ರಾಡ್, ರಜಾದಿನವಾದ ಶುಕ್ರವಾರ ಮಾತ್ರ ಮಹಾ ಪರ್ವತಾರೋಹಿ. ಗುಜರಿಯಲ್ಲಿ ಸಿಕ್ಕಿದ, ಕಾಡು ಮುತ್ತಿದ ಜ್ವಾಲಾಮುಖಿಯೊಂದರ ಶತಮಾನದ ಹಳೆಯ ನಕ್ಷೆ ಅವನ ಹಜಾರದ ಗೋಡೆಯಲ್ಲಿತ್ತು. ಅದರ ಎತ್ತರದ ಗೆರೆಗಳನ್ನು ವಾರಕ್ಕೊಂದರಂತೆ ಬೆರಳಿನಿಂದ ದಾಟುತ್ತ, ಎರಡು ವರ್ಷಗಳಿಂದ ಶಿಖರದತ್ತ ಸಾಗಿದ್ದ.

"ನಾಳೆ ಆ ಗೋಡೆ ಯೇಸುವಿನ ಪಟಕ್ಕೆ. ನಿಮ್ಮ ಗುಡ್ಡ ಖಲಾಸ್!" ಎಂದಳು ಹೆಂಡತಿ ಕ್ಯಾಥರಿನ್.

"ಇನ್ನು ಮೂರೇ ಗೆರೆ ಉಂಟು ಮಾರಾಯ್ತಿ!"

"ಗೊತ್ತುಂಟು. ಅಲ್ಲಿ ಗೆರೆ ಒತ್ತೊತ್ತಾಗಿ ಉಂಟು, ಅಂದ್ರೆ ಕಡಿದಾದ ಏರು, ಬೀಳ್ತೀರಿ. ಬಲಗಡೆಯಿಂದ ಬನ್ನಿ."

ಇವಳೂ ಗುಟ್ಟಾಗಿ ಹತ್ತುತ್ತಿದ್ದಳು! ಆ ಸಂಜೆಯೇ ನಿಯಮ ಮುರಿದು, ಇಬ್ಬರ ಬೆರಳೂ ಒಟ್ಟಿಗೆ ಶಿಖರ ಮುಟ್ಟಿದವು. ದಂಡಯಾತ್ರೆ ಮುಗಿಸಿದ ವೀರ ನಿಟ್ಟುಸಿರಿಟ್ಟು ನಕ್ಷೆಯ ಮೊಳೆಗೆ ಕೈ ಹಾಕಿದ.

"ಎಂತ ಮಾಡ್ತೀರಿ?" ಕ್ಯಾಥರಿನ್ ಕೈ ಹಿಡಿದಳು. "ಪಟವನ್ನು ಶಿಖರದ ಮೇಲ್ಗಡೆ ಹಾಕುವ. ನಾವು ಇಳಿಯುವುದು ಬೇಡವಾ?"