ಹೊಳ್ಳಿ ಹೊಡೆಯುವ ಕರೆಂಟು

ಬೆಳಗಿನ ನಾನು ಬೇರೆ, ಸಂಜೆಯ ನಾನು ಬೇರೆ. ಇದು ನನ್ನ ಹೆಂಡತಿ ಸುಮಿತ್ರಾಳ ಅಭಿಪ್ರಾಯ. ಈಚೆಗೆ ನನ್ನದೂ ಅದೇ ಆಗಿದೆ. ಸಿಂದಗಿಯಲ್ಲಿ ನನ್ನದೊಂದು ಕಾರ್ ವೈರಿಂಗ್ ಅಂಗಡಿ. ದಿನವಿಡೀ ಡ್ಯಾಶ್‌ಬೋರ್ಡಿನ ಕೆಳಗೆ ಕತ್ತು ತೂರಿಸಿ, ಗಿರಾಕಿಗಳಿಗೆಲ್ಲ ನಗುನಗುತ್ತಲೇ ಉತ್ತರ ಕೊಟ್ಟು, ಶಟರ್ ಎಳೆದು ಮನೆಗೆ ಬಂದವನನ್ನು ಆಕೆ "ಚಾ ಇಡ್ಲೇನ್ರಿ?" ಎಂದು ಕೇಳಿದರೂ ಸಾಕು, ಸಿಡುಕುತ್ತಿದ್ದೆ. ಸಾಕಾಗಿ ಆಕೆ ಕೇಳುವುದನ್ನೇ ಬಿಟ್ಟಳು. ಚಹಾದ ಲೋಟ ಮೇಜಿನ ಮೇಲೆ, ಆಕೆ ಅಂಗಳದಲ್ಲಿ. ಮಾತಿಲ್ಲದ ಮನೆ ದಣಿಸಿದಷ್ಟು ಯಾವ ಕೆಲಸವೂ ದಣಿಸುವುದಿಲ್ಲ.

ಮೊನ್ನೆ ಮುದ್ದೇಬಿಹಾಳದಿಂದ ಒಂದು ಕಾರು ಬಂತು. ಜೋರು ಹಾರ್ನಿಗೆಂದು ಯಾರೋ ರಿಲೇ ಕೂಡಿಸಿದ್ದರು, ಡಯೋಡ್ ಹಾಕಿರಲಿಲ್ಲ. ಆ ರಿಲೇಯನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟು ಕೂತಿತ್ತು.

"ಒತ್ತಿದಾಗ ಹಾರ್ನ್ ಚಲೋನ ಬಡ್ಕೋತಿತ್ತಲ್ರಿ!" ಎಂದರು ಕಾರಿನವರು.

"ಒತ್ತಿದಾಗ ಅಲ್ರಿ, ಬಿಟ್ಟಾಗ ಸುಟ್ಟೈತಿ. ಕರೆಂಟ್ ಹೊಳ್ಳಿ ಹೊಡದೈತಿ," ಎಂದೆ.

ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆಳುವ ಡಬ್ಬಿ. ಒಳಗೊಂದು ತಂತಿಯ ಸುರುಳಿ. ಕರೆಂಟು ಹರಿಯುವವರೆಗೂ ಅದು ಬಲು ಸಂಭಾವಿತ. ತಟ್ಟನೆ ನಿಲ್ಲಿಸಿದಿರೋ, ಕೂಡಿಟ್ಟುಕೊಂಡದ್ದನ್ನೆಲ್ಲ ಒಮ್ಮೆಲೇ ಎದುರಿಗಿದ್ದವರ ಮೇಲೆ ಎಸೆಯುತ್ತದೆ. ನಮ್ಮ ಕಡೆ ಊರಿಗೆ ಹೋದವರು ಹೊಳ್ಳಿ, ಅಂದರೆ ಮರಳಿ, ಬರುತ್ತಾರೆ. ಕರೆಂಟೂ ಹೊಳ್ಳುತ್ತದೆ, ಆದರೆ ಬರಿಗೈಲಿ ಅಲ್ಲ. ಡಯೋಡ್ ಎಂಬ, ಒಂದೇ ದಿಕ್ಕಿಗೆ ಕರೆಂಟು ಬಿಡುವ ತುಣುಕು ಅದಕ್ಕೊಂದು ಒಳದಾರಿ ತೋರಿಸುತ್ತದೆ. ಆ ಸುರುಳಿಯಲ್ಲೇ ಸುತ್ತಿ ಸುತ್ತಿ ದಣಿದು ಅದು ಆರುತ್ತದೆ. ದಿಕ್ಕು ಮಾತ್ರ ಸರಿಯಿರಬೇಕು. ಉಲ್ಟಾ ಹಾಕಿದರೆ ಸ್ವಿಚ್ ಒತ್ತಿದ ಕೂಡಲೇ ಫ್ಯೂಸು ಹೋಗುತ್ತದೆ.

ಅಂದು ಸಂಜೆ ಮೌನ ತಡೆಯಲಾರದೆ ಇದನ್ನೆಲ್ಲ ಸುಮಿತ್ರಾಳಿಗೆ ವಿವರಿಸಿದೆ. ಪಾಠ ಮಾಡುವ ಚಟ ನನಗೆ ಸುಸ್ತಾದಾಗಲೇ ಹೆಚ್ಚು. ಆಕೆ ಸೊಪ್ಪು ಸೋಸುತ್ತಾ ಕೇಳಿಸಿಕೊಂಡು, "ಕಾರಿಗೆ ನೀವ್ ಹಾಕ್ತೀರಿ. ನಿಮಗ್ಯಾರ್ ಹಾಕ್ಬೇಕು?" ಎಂದಳು. ಇಷ್ಟು ದಿನ ನನ್ನಿಂದ ಸುಟ್ಟ ಪೆಟ್ಟಿಗೆ ಯಾವುದೆಂದು ಆಗ ತಿಳಿದು, ಸಂಕಟವಾಯಿತು.

ಮರುದಿನ ಶಟರ್ ಎಳೆದವನು ನೇರ ಮನೆಗೆ ಹೋಗಲಿಲ್ಲ. ಎದುರಿನ ಚಹಾದಂಗಡಿಯ ಬೆಂಚಿನಲ್ಲಿ ಕೂತು, ದಿನವಿಡೀ ನನ್ನಲ್ಲಿಗೆ ಬಂದ ಗಿರಾಕಿಗಳನ್ನೆಲ್ಲ ಮನಸ್ಸಿನಲ್ಲೇ ಬೈದೆ. ಬೈಗುಳ ಒಳಗೇ ಸುತ್ತಿ ಸುತ್ತಿ, ಕೊನೆಗೆ ಬೈಯಲೂ ಬೇಸರವಾಯಿತು. ಎದ್ದು ಮನೆಗೆ ಬಂದೆ.

ಸುಮಿತ್ರಾ ಬಾಗಿಲಲ್ಲೇ ಇದ್ದಳು. "ಯಾಕ್ರಿ, ತಡಾ ಆತು?"

"ಡಯೋಡ್ ಹಾಕ್ಕೊಂಡು ಬಂದೆ."

ಆಕೆ ನನ್ನ ಮುಖವನ್ನೇ ದಿಟ್ಟಿಸಿದಳು. "ಉಲ್ಟಾ ಹಾಕ್ಕೊಂಡಿಲ್ಲಲ್ರಿ ಮತ್ತ?" ಎಂದವಳು, ಒಳಗೆ ಹೆಜ್ಜೆಯಿಟ್ಟು, "ಚಾ ಇಡ್ಲೇನು?" ಎಂದಳು.

ಹೊಟ್ಟೆಯಲ್ಲಿ ಆಗಲೇ ಎರಡು ಚಹಾ ಇತ್ತು. "ಇಡು," ಎಂದೆ.