ಮೋಡ ನೋಡಲು ಬಂದವರು ಓದಿದ ಪಟ್ಟಿ

2008ರ ಮಾರ್ಚ್‌ನಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕು, ಬೇಡದ್ದೆಲ್ಲ ತೋರಿಸಿ, ಒಂದು ಸಂಸಾರ ಮುರಿಯಿತು ಅಂತ ಬಣಕಲ್ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವೈರಸ್ ಹೇಳದೆ ಕೇಳದೆ ಬರುತ್ತದೆ. ನಮ್ಮ ಮನೆಗೆ ಬಂದದ್ದು ಫಾರಂ ಹಿಡಿದುಕೊಂಡು ಬಂತು, ಕಾಫಿ ಕುಡಿಯಿತು, ಅಪ್ಪನ ಸಹಿ ಪಡೆದುಕೊಂಡು ಒಳಗೆ ಕೂತಿತು. ಆ ಫಾರಂ ಓದಿ "ಹಾಕಿ ಅಪ್ಪ, ತೊಂದರೆ ಇಲ್ಲ" ಅಂದವಳು ನಾನು. ವೈರಸ್ಸಿನ ಕಥೆ ಹಬ್ಬಿಸಿದ್ದೂ ನಮ್ಮ ಮನೆಯವರೇ. ಯಾಕೆ ಅಂತ ಹೇಳುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಯಾರ ಬದುಕಿನ ವಿಷಯವೋ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮಗೆ ಇಂಟರ್‌ನೆಟ್ ಲೈನ್ ಕೊಟ್ಟವರು ಪೇಟೆಯಲ್ಲಿ ಕೇಬಲ್ ಅಂಗಡಿ ಇಟ್ಟಿದ್ದ ಪ್ರಸನ್ನಣ್ಣ. ಆ ವರ್ಷ ಜನವರಿಯಲ್ಲಿ ಹೊಸ ಪ್ಲಾನ್ ತಂದರು. ಬಾಡಿಗೆ ಅಷ್ಟೇ, ಸ್ಪೀಡ್ ಎರಡರಷ್ಟು. ಅದಕ್ಕೆ ಬದಲಾಗಿ ಯಾವ ಪುಟ ತೆಗೆದರೂ ಮೇಲ್ಗಡೆ ಒಂದು ಜಾಹೀರಾತಿನ ಪಟ್ಟಿ ಬರುತ್ತದೆ.

"ಸಿಕ್ಕಿದ್ದೆಲ್ಲ ತೋರಿಸಲ್ಲ ಕಣಮ್ಮ. ನೀವು ಏನು ನೋಡ್ತೀರೋ ಅದನ್ನ ಲೈನೇ ಗಮನಿಸುತ್ತೆ. ಪಂಪ್‌ಸೆಟ್ ನೋಡಿದ್ರೆ ಪಂಪ್‌ಸೆಟ್ ತೋರಿಸುತ್ತೆ" ಅಂದರು.

"ನಮ್ಮ ಹೆಸರು ಹೋಗುತ್ತಾ?"

"ಹೆಸರಿಲ್ಲ. ಬರೀ ನಂಬರು."

ನಾನಾಗ ಚಿಕ್ಕಮಗಳೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಎದುರಿನವರ ಮಾತಿನಲ್ಲಿ ತೂತು ಹುಡುಕುವುದು ಅಭ್ಯಾಸವಾಗಿಬಿಟ್ಟಿತ್ತು. ಈ ಉತ್ತರದಲ್ಲಿ ತೂತು ಕಾಣಲಿಲ್ಲ. ನಂಬರಿಗೆ ಏನು ಮಾನ, ಏನು ಮರ್ಯಾದೆ? ಆ ನಂಬರಿನ ಮುಂದೆ ಎಷ್ಟು ಜನ ಕೂರುತ್ತಾರೆ ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆಯಬೇಕಿತ್ತು. ಯಾಕೆಂದರೆ ಮಾರ್ಚ್ ತಿಂಗಳಲ್ಲಿ ನಮ್ಮ ಕಂಪ್ಯೂಟರ್ ನಮ್ಮದಾಗಿ ಇರುತ್ತಿರಲಿಲ್ಲ. ಕಾಫಿ ಗಿಡ ಮೊಗ್ಗು ಹಿಡಿದು ಕಾಯುವ ಕಾಲ ಅದು. ಮೊಗ್ಗು ಅರಳಿಸುವ ಹೂಮಳೆ ಬರುವಂತಿದ್ದರೆ ಸ್ಪ್ರಿಂಕ್ಲರ್ ಹಾಕುವ ಹಾಗಿಲ್ಲ, ಬಾರದಿದ್ದರೆ ಹಾಕದೆ ಇರುವ ಹಾಗಿಲ್ಲ. ಸುತ್ತ ನಾಲ್ಕು ಮೈಲಿಯಲ್ಲಿ ಲೈನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಸಂಜೆ ಐದೂವರೆಗೆ ಅಕ್ಕಪಕ್ಕದ ಬೆಳೆಗಾರರು ಉಪಗ್ರಹದ ಮೋಡದ ಚಿತ್ರ ನೋಡಲು ಬರುತ್ತಿದ್ದರು. ಹೂಮಳೆ ಕಾಲದಲ್ಲಿ ಮೋಡ ನೋಡಲು ಬಂದವರನ್ನು ಯಾರೂ ಬೇಡ ಅನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಆ ಹೊತ್ತಿಗೆ ಬಂದು ಚಿತ್ರ ನೋಡಿಕೊಂಡು ಹೋಗುತ್ತಿದ್ದರು.

ಮುಂದಿನ ಕುರ್ಚಿ ಯಾವಾಗಲೂ ಸತೀಶಣ್ಣನದು. ಪಕ್ಕದ ಎಸ್ಟೇಟಿನ ರೈಟರ್. ಆಳುಗಳ ಹಾಜರಿ, ಮಳೆ ಅಳತೆ ಬರೆದಿಡುವುದು ಎಲ್ಲ ಅವರ ಕೆಲಸ. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಎಲ್ಲರಿಗೂ ಅವರೆಂದರೆ ಇಷ್ಟ.

"ಎಂಥ ಆಯ್ತು ರೈಟ್ರೇ ನಮ್ಮ ಮೋಡ?" ಅಂತ ಹಿಂದಿನ ಬೆಂಚಿನಿಂದ ಮಂಜಪ್ಪಗೌಡರು ಕೇಳುವರು. ವಯಸ್ಸಾದವರು, ಕಣ್ಣು ಮಂಜು.

"ಮಂಗಳೂರಲ್ಲೇ ಬಸ್ಸು ಕಾಯ್ತಿದೆ ಗೌಡ್ರೇ. ಘಾಟಿ ಹತ್ತೋಕೆ ಸೀಟು ಸಿಗ್ಲಿಲ್ವಂತೆ."

ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರಿಂದ ಮನೆಯಲ್ಲೇ ಇದ್ದೆ. ಸತೀಶಣ್ಣನ ಹೆಂಡತಿ ಲೀಲಕ್ಕ ಅಮ್ಮನ ಹೊಲಿಗೆ ಮೆಷಿನ್ನಿಗೆಂದು ಮಧ್ಯಾಹ್ನ ಬರುತ್ತಿದ್ದರು. ಒಂದು ದಿನ ತೋಳು ಮಡಚಿ ಬಟ್ಟೆ ಒತ್ತಿ ಹಿಡಿದಾಗ, ಮೊಣಕೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂಲೆ ಸುಟ್ಟ ಗುರುತು ಕಂಡಿತು. ಅರಿಯದೆ ತಾಗಿದ್ದರೆ ಒಂದು ಇರಬೇಕು. ಮೂರಿತ್ತು, ಸಾಲಾಗಿ.

ನಾನು ನೋಡಿದ್ದನ್ನು ಅವರು ನೋಡಿದರು. ಸ್ವಲ್ಪ ಹೊತ್ತು ಮೆಷಿನ್ ತುಳಿದರು. ಆಮೇಲೆ ತಲೆ ಎತ್ತದೆ, "ಹೆಂಗಸರು ಬಂದು ಇರೋಕೆ ಜಾಗ ಕೊಡೋರು ಇರ್ತಾರಂತಲ್ಲ, ಅಂಥದು ಈ ಕಂಪ್ಯೂಟರಲ್ಲಿ ಸಿಗುತ್ತಾ?" ಅಂದರು.

ಮೂರು ಮಧ್ಯಾಹ್ನ ಹುಡುಕಿದೆವು. ಮೈಸೂರಿನ ಹಾಸ್ಟೆಲ್‌ಗಳು, ವಿಚ್ಛೇದನದ ಕಾನೂನು, ಹೊಲಿಗೆ ತರಬೇತಿ. ಒಂದು ಚಿಕ್ಕ ಆಶ್ರಯಮನೆಯ ಪುಟ ಸಿಕ್ಕಿತು, ಫೋಟೋ ಕೂಡ ಇಲ್ಲದ್ದು. ಅದೇ ಸರಿ ಅಂದರು ಲೀಲಕ್ಕ. ಮುಂದಿನ ಸಂತೆಯ ದಿನ, ಸಂತೆಗೆ ಹೋದವರು ಹಾಗೇ ಬಸ್ಸು ಹತ್ತುವುದು ಅಂತ ತೀರ್ಮಾನವಾಯಿತು. ಅಲ್ಲಿಗೆ ಇನ್ನೂ ಐದು ದಿನವಿತ್ತು.

ಪ್ರತಿ ಸಲ ಏಳುವಾಗ ಒಂದೇ ಮಾತು. "ಇವ್ರಿಗೆ ಗೊತ್ತಾಗಲ್ಲ ಅಲ್ವೇನೆ?"

"ಹಿಸ್ಟರಿ ಅಳಿಸಿದೀನಿ ಲೀಲಕ್ಕ. ಕಂಪ್ಯೂಟರಲ್ಲಿ ಏನೂ ಉಳಿದಿಲ್ಲ. ಬೇಕಾದ್ರೆ ಬರೆದುಕೊಡ್ಲಾ?"

ಕಂಪ್ಯೂಟರಲ್ಲಿ ಉಳಿದಿರಲಿಲ್ಲ, ನಿಜ. ನಾನು ಒರೆಸಿದ್ದು ನಮ್ಮ ಮನೆಯ ಹಲಗೆಯನ್ನು. ಬರೆದುಕೊಳ್ಳುತ್ತಿದ್ದವರು ತಂತಿಯ ಆ ತುದಿಯಲ್ಲಿ ಕೂತಿದ್ದರು.

ಮೂರನೆಯ ದಿನ ಸಂಜೆ ಆರು ಜನ ಬಂದಿದ್ದರು. ಮೋಡದ ಚಿತ್ರ ಮೇಲಿಂದ ಕೆಳಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕಿಂತ ಮೊದಲು ಮೇಲಿನ ಪಟ್ಟಿ ಬಂದುಬಿಡುತ್ತದೆ. ಅಲ್ಲಿಯವರೆಗೆ ಅದರಲ್ಲಿ ಬರುತ್ತಿದ್ದದ್ದು ಮೋಟಾರು, ಪೈಪು, ಕೈಗಡಿಯಾರ. ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

"ಅದೇನದು ಮೇಲೆ, ಹೆಂಗಸಿನ ಚಿತ್ರ?" ಅಂದರು ಮಂಜಪ್ಪಗೌಡರು.

ಸತೀಶಣ್ಣ ಓದಿ ಹೇಳಿದರು. "ಹೆಂಗಸರ ಹಾಸ್ಟೆಲ್ಲಂತೆ. ಮೈಸೂರು."

ಪಟ್ಟಿ ಬದಲಾಯಿತು. "ಇದು ಡೈವೋರ್ಸ್ ಲಾಯರಂತೆ. ಮೊದಲ ಭೇಟಿಗೆ ಫೀಸಿಲ್ಲ."

ನಗು ಎದ್ದಿತು. "ಯಾರು ಮಾರಾಯ್ರೇ ನಿಮ್ಮನೇಲಿ ಹೊರಟಿರೋದು? ಅಮ್ಮಾವ್ರಾ?" ಅಂತ ಯಾರೋ ಅಪ್ಪನನ್ನು ಛೇಡಿಸಿದರು. ಅಪ್ಪನೂ ನಕ್ಕರು.

ಮತ್ತೆ ಬದಲಾಯಿತು. ಮಹಿಳೆಯರಿಗೆ ಹೊಲಿಗೆ ತರಬೇತಿ, ಊಟ ವಸತಿ ಸಹಿತ. ಈ ಸಲ ಸತೀಶಣ್ಣ ಗಟ್ಟಿಯಾಗಿ ಓದಲಿಲ್ಲ.

ಮಂಜಪ್ಪಗೌಡರದು ಏನೂ ತಪ್ಪಿಲ್ಲ. ತಮಗೆ ಗೊತ್ತಿದ್ದದ್ದನ್ನು ಹೇಳಿದರು. "ಪ್ರಸನ್ನ ಅಂಗಡೀಲಿ ಎಲ್ರಿಗೂ ಹೇಳ್ತಿದ್ನಲ್ಲ, ಮನೇಲಿ ಏನು ನೋಡ್ತಾರೋ ಅದನ್ನೇ ತೋರಿಸುತ್ತೆ ಅಂತ."

ಸತೀಶಣ್ಣ ಕುರ್ಚಿ ತಿರುಗಿಸಿ ನನ್ನ ಕಡೆ ನೋಡಿದರು. ಮುಖದಲ್ಲಿ ನಗು ಹಾಗೇ ಇತ್ತು.

"ನಾನೇ ನೋಡಿದ್ದು. ಕಾಲೇಜಲ್ಲಿ ಡಿಬೇಟಿದೆ, ಮಹಿಳೆಯರ ಹಕ್ಕು ಅಂತ" ಅಂದೆ.

"ಪರೀಕ್ಷೆ ರಜೆಯಲ್ಲಿ ಡಿಬೇಟಾ?"

"ಮುಂದಿನ ತಿಂಗಳು."

"ಡಿಬೇಟಿಗೆ ಹೊಲಿಗೆ ಕಲೀಬೇಕಾ?" ಧ್ವನಿ ಮೆಲ್ಲಗಿತ್ತು. "ಹೋಗ್ಲಿ. ಮೈಸೂರೇ ಯಾಕೆ?"

ಸತೀಶಣ್ಣ ಎದ್ದರು. ಮೋಡದ ಚಿತ್ರ ಇನ್ನೂ ಅರ್ಧವೂ ಬಂದಿರಲಿಲ್ಲ. ಮೋಡ ನೋಡದೆ ಅವರು ಹೋದದ್ದು ಅದೇ ಮೊದಲು. ಹೊರಗೆ ಬೈಕ್ ಸ್ಟಾರ್ಟ್ ಆಯಿತು.

ಅಡುಗೆಮನೆಯಿಂದ ಅಮ್ಮ ಚಪ್ಪಲಿ ಮೆಟ್ಟಿಕೊಂಡೇ ಬಂದರು, ಕೈಯಲ್ಲಿ ಟಾರ್ಚು. ನಾನೂ ಲೀಲಕ್ಕನೂ ಮಾಡುತ್ತಿದ್ದದ್ದೆಲ್ಲ ಅವರಿಗೆ ಮೊದಲ ದಿನದಿಂದ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು. "ಬಾ ಹಿಂದ್ಗಡೆಯಿಂದ" ಅಂದರು, ಅಷ್ಟೇ.

ಲೀಲಕ್ಕನ ಕ್ವಾರ್ಟರ್ಸಿಗೆ ಫೋನಿರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹೊಂಡಬಿದ್ದ ರಸ್ತೆ ಸುತ್ತು ಬಳಸಿ ಆರು ಕಿಲೋಮೀಟರು, ತೋಟದೊಳಗಿನ ಕಾಲುದಾರಿ ನಡೆದರೆ ಹತ್ತು ನಿಮಿಷ. ಓಡಿದೆವು. ರೋಬಸ್ಟಾ ಕಾಫಿ ಗಿಡಗಳ ರೆಂಬೆ ಮುಖಕ್ಕೆ ಬಡಿಯುತ್ತಿತ್ತು. ಎಲ್ಲಿ ಬೈಕಿನ ಸದ್ದು ನಿಲ್ಲುತ್ತದೋ ಎಂದು ಕಿವಿಯೆಲ್ಲ ಅತ್ತಲೇ ಇತ್ತು.

ಲೀಲಕ್ಕ ಅಕ್ಕಿ ತೊಳೆಯುತ್ತಿದ್ದರು. ಅಮ್ಮ ಪಾತ್ರೆ ಕಿತ್ತು ಕೆಳಗಿಟ್ಟು, "ನಡಿ. ಗೊತ್ತಾಗಿದೆ" ಅಂದರು. ಲೀಲಕ್ಕ ನನ್ನನ್ನು ಒಂದು ಸಲ ನೋಡಿದರು. ಒದ್ದೆ ಕೈಯಲ್ಲೇ ಹೊರಬಿದ್ದರು.

ಕೆರೆಯ ಪಂಪ್‌ಶೆಡ್ಡಿನವರೆಗೆ ಬಂದಿದ್ದೆವು, ಬೈಕು ಬಂತು. ಮೂವರೂ ಶೆಡ್ಡಿನ ಹಿಂದೆ ಕುಕ್ಕರಿಸಿದೆವು. ಬಾಗಿಲು ತೆಗೆದ ಸದ್ದು. ಆಮೇಲೆ ಅವರು ಕರೆಯತೊಡಗಿದರು. "ಲೀಲಾ... ಎಲ್ಲಿದೀಯೇ ಲೀಲಾ..." ಬೈಗುಳವಿಲ್ಲ, ಸಿಟ್ಟಿಲ್ಲ. ಮೋಡಕ್ಕೆ ಬಸ್ಸು ಸಿಗಲಿಲ್ಲ ಅಂತ ನಗಿಸುತ್ತಿದ್ದ ಅದೇ ಧ್ವನಿ. ಪಕ್ಕದಲ್ಲಿ ಲೀಲಕ್ಕ ಮೊಣಕೈ ಮೇಲಿನ ಗುರುತುಗಳನ್ನು ಅಂಗೈಯಿಂದ ಮುಚ್ಚಿಕೊಂಡರು. ಆ ಸಿಹಿ ಕರೆ ಅವರಿಗೆ ಹೊಸದಲ್ಲ ಎಂಬುದು ನನಗೆ ಗೊತ್ತಾಯಿತು.

ಅವರು ಹುಡುಕುತ್ತಾ ಆಚೆ ಕಡೆ ಹೋದಾಗ ತೋಟದೊಳಗಿಂದ ಮುಖ್ಯರಸ್ತೆ ಸೇರಿದೆವು. ಧರ್ಮಸ್ಥಳದಿಂದ ಹಾಸನದ ಕಡೆ ಹೋಗುವ ಬಸ್ಸಿಗೆ ಅಮ್ಮ ಅಡ್ಡ ನಿಂತು ಕೈ ತೋರಿಸಿದರು. ಇಬ್ಬರೂ ಹತ್ತಿದರು. ಮೈಸೂರಿನ ಆ ಚಿಕ್ಕ ಮನೆಗೆ ಲೀಲಕ್ಕನನ್ನು ಸೇರಿಸಿ ಮಾರನೆಯ ದಿನ ರಾತ್ರಿ ಅಮ್ಮ ವಾಪಸಾದರು.

ಅವರು ಬರುವ ಮೊದಲೇ ಆ ಸಂಜೆ ಐದೂವರೆಗೆ ಸತೀಶಣ್ಣ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಅಮ್ಮಾವ್ರು ಕಾಣ್ಸಲ್ಲ?"

"ತವರಿಗೆ ಹೋಗಿದಾರೆ" ಅಂದರು ಅಪ್ಪ. ಅಮ್ಮ ಲೀಲಕ್ಕನ ಜೊತೆ ಹೋಗಿದ್ದಾರೆ ಎಂದಷ್ಟೇ ಅವರಿಗೆ ಹೇಳಿದ್ದೆ.

"ನಮ್ಮನೆಯವಳೂ ತವರಿಗೇ ಹೋಗಿದಾಳೆ" ಅಂದರು ಸತೀಶಣ್ಣ. ಆಮೇಲೆ ನನಗೆ, "ಹಾಕಮ್ಮ. ನಿನ್ನ ಪಟ್ಟಿ ಇವತ್ತು ಏನು ಹೇಳುತ್ತೆ ನೋಡಣ."

ಮೋಡ ನೋಡಲು ಬಂದವರನ್ನು ಹೊರಗೆ ಕಳಿಸುವ ಮಾತು ಅಪ್ಪನ ಬಾಯಿಗೆ ಬರಲಿಲ್ಲ. ಮೋಡ ಬಂತು, ಹೋಯಿತು, ಎಲ್ಲರೂ ಎದ್ದರು. ಸತೀಶಣ್ಣ ಮಳೆ ಪುಸ್ತಕ ತೆಗೆದು ಪಟ್ಟಿಯಲ್ಲಿ ಬಂದ ಹಾಸ್ಟೆಲ್‌ಗಳ ಫೋನ್ ನಂಬರು ಒಂದೊಂದಾಗಿ ಬರೆದುಕೊಳ್ಳುತ್ತಾ ಕೂತರು. ಮಾರನೆಯ ಬೆಳಿಗ್ಗೆ ನಾನು ಕುಕ್ಕರು, ಮಿಕ್ಸಿ, ಟ್ರಾಕ್ಟರು ಅಂತ ಸಿಕ್ಕಿದ್ದೆಲ್ಲ ಹುಡುಕಿ ಪಟ್ಟಿಯ ದಿಕ್ಕು ತಪ್ಪಿಸಲು ನೋಡಿದೆ. ಸಂಜೆ ಕುಕ್ಕರಿನ ಹಿಂದೆಯೇ ಮೈಸೂರು ಬಂತು. ಅವತ್ತು ಅಪ್ಪನಿಗೆ ಉಳಿದದ್ದನ್ನೆಲ್ಲ ಹೇಳಿದೆ. ಅಪ್ಪ ಎದ್ದು ಹೋಗಿ, ಕೇಬಲನ್ನು ಕಂಬದ ಬುಡದಲ್ಲೇ ಕತ್ತಿಯಿಂದ ಕಡಿದು ಬಂದರು. ಊರಿಗೆ ಹೇಳಿದ್ದು, ವೈರಸ್ ಬಂದಿದೆ, ಲೈನ್ ತೆಗೆಸಿದೆವು ಅಂತ. ಇದೇ ಆ ಕಥೆಯ ಮೂಲ.

ಆ ಪಟ್ಟಿಯಲ್ಲಿ ಬರುತ್ತಿದ್ದದ್ದು ಜಾಹೀರಾತು ಕೊಟ್ಟವರ ಹೆಸರು. ಲೀಲಕ್ಕ ಇದ್ದ ಮನೆ ಜಾಹೀರಾತು ಕೊಡುವಷ್ಟು ದೊಡ್ಡದಲ್ಲ. ಅದು ಒಂದು ದಿನವೂ ಪಟ್ಟಿಯಲ್ಲಿ ಬಂದಿರಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಅದರ ಪುಟ ನಾವು ತೆಗೆದಿದ್ದೆವು ಅಂತ ಗೊತ್ತಿದ್ದದ್ದು ನಮಗೆ ಮತ್ತು ಲೈನಿಗೆ ಮಾತ್ರ. ಆದರೂ ಲೈನ್ ಕಡಿದ ನಾಲ್ಕನೆಯ ದಿನ ಸತೀಶಣ್ಣ ಆ ಮನೆಯ ಗೇಟಿನಲ್ಲಿ ನಿಂತಿದ್ದರು. ನಗುನಗುತ್ತಾ ಮಾತಾಡಿದರಂತೆ. ಒಳಗೆ ಹೊಲಿಯುತ್ತಿದ್ದ ಲೀಲಕ್ಕ ಧ್ವನಿ ಕೇಳಿ ಮೆಷಿನ್ನಿನ ಕೆಳಗೆ ಕೂತುಬಿಟ್ಟರಂತೆ. ವಾರ್ಡನ್ ಗಟ್ಟಿಗಿತ್ತಿ, ಅಂಥವರು ಇಲ್ಲಿಲ್ಲ ಅಂತ ಕಳಿಸಿದರು. ಆ ವಾರವೇ ಲೀಲಕ್ಕನನ್ನು ಬೇರೆ ಊರಿಗೆ ಸಾಗಿಸಿದರು. ಈಗ ಎರಡು ವರ್ಷವಾಯಿತು. ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿದೆ, ಕೆಲಸವಿದೆ. ಬಾಗಿಲು ಬಡಿದರೆ ಮಾತ್ರ ಈಗಲೂ ಕೂಡಲೇ ತೆಗೆಯುವುದಿಲ್ಲ.

ನನ್ನ ವಿಷಯ ಹೇಳುವುದಾದರೆ, ನಾನು ಯಾರಿಗೂ "ಗೊತ್ತಾಗಲ್ಲ" ಅಂತ ಮಾತು ಕೊಡುವುದನ್ನು ಬಿಟ್ಟಿದ್ದೇನೆ. ಸೈಬರ್ ಕೆಫೆಯಲ್ಲಿ ಒಂದು ಅಕ್ಷರ ಒತ್ತುವ ಮೊದಲೂ ಹಿಂದೆ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಇಲ್ಲದಿರುವುದೇ ಹೆಚ್ಚು ಹೆದರಿಕೆ.

ಪ್ರಸನ್ನಣ್ಣನ ಅಂಗಡಿಗೆ ಹೋಗಿ, ನಾವು ನೋಡಿದ್ದನ್ನೆಲ್ಲ ಅಳಿಸಿ ಅಂತ ಕೇಳಿದ್ದೆ. "ಅದು ನನ್ನ ಕೈಲಿಲ್ಲ ಕಣಮ್ಮ, ಮೇಲಿನ ಕಂಪನಿಯವರದು. ನಾನು ಬರೀ ತಂತಿ ಎಳೆಯೋನು" ಅಂದರು. ಇರಬಹುದು. ಸತೀಶಣ್ಣ ಮೈಸೂರಿನಲ್ಲಿ ಬೀದಿ ಬೀದಿ ವಿಚಾರಿಸಿಯೇ ಆ ಮನೆ ಹುಡುಕಿರಬಹುದು. ನನ್ನ ಬಳಿ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದೆ ಆರೋಪ ಮಾಡಬಾರದು ಅಂತ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಹಾಗಾಗಿ ಆರೋಪ ಮಾಡುತ್ತಿಲ್ಲ, ಕೇಳುತ್ತಿದ್ದೇನೆ. ಎದುರಿಗೆ ಕೇಳಿದಾಗ ಪ್ರಸನ್ನಣ್ಣ ಯಾರದೋ ಫೋನು ಬಂತು ಅಂತ ಒಳಗೆ ಹೋದರು.

ಪ್ರಸನ್ನಣ್ಣ, ನಾವು ಲೈನ್ ಕಡಿದ ಮಾರನೆಯ ದಿನ ಸತೀಶಣ್ಣನ ಬೈಕು ಬೆಳಿಗ್ಗೆಯಿಡೀ ನಿಮ್ಮ ಅಂಗಡಿ ಮುಂದೆ ನಿಂತಿತ್ತಲ್ಲ, ಅವರು ನಿಮ್ಮನ್ನು ಏನು ಕೇಳಿದರು?