ಚಿಕ್ಕಬೀರಯ್ಯನ ಪಹಣಿಯಲ್ಲಿ ಬ್ಯಾಂಕಿನ ಹೆಸರು

ಅರಕಲಗೂಡಿನ ಬ್ಯಾಂಕೊಂದಕ್ಕೆ ಗುತ್ತಿಗೆ ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಕೀರ್ತಿರಾಜ್, ಅಡಮಾನವಾದ ಗದ್ದೆಯಲ್ಲಿ ಬ್ಯಾಂಕಿನವರು ಬೋರ್ಡು ನೆಡುತ್ತಾರೆ ಎಂದೇ ನಂಬಿದ್ದ. ಮೊದಲ ವಾರ ಮಲ್ಲಿಪಟ್ಟಣದ ಬದುಗಳ ಮೇಲೆಲ್ಲ ಅಲೆದು, ಬೋರ್ಡು ಯಾರೋ ಕದ್ದಿದ್ದಾರೆಂದು ಮ್ಯಾನೇಜರ್ ಚಂದ್ರಮೌಳಿಗೆ ಫೋನೂ ಮಾಡಿದ. ಬಿಕಾಂ ಫಸ್ಟ್ ಕ್ಲಾಸು ಬೇರೆ! ಬ್ಯಾಂಕಿನ ಹೆಸರು ಪಹಣಿಯ ಋಣದ ಕಾಲಂನಲ್ಲಿ ಸದ್ದಿಲ್ಲದೆ ಕೂರುತ್ತದೆ, ಅಷ್ಟೇ.

ಬೋರ್ಡೇ ವಾಸಿಯಿತ್ತು. ತನ್ನ ಹೆಸರಿನ ಗದ್ದೆಯಲ್ಲಿ ಅದು ಕಂಡಿದ್ದರೆ ಚಿಕ್ಕಬೀರಯ್ಯ ಅವತ್ತೇ ಕಿತ್ತೆಸೆಯುತ್ತಿದ್ದ.

ಎಪ್ಪತ್ತು ದಾಟಿದ ಚಿಕ್ಕಬೀರಯ್ಯ ಸಾಲಕ್ಕೆಂದು ಯಾವ ಮೆಟ್ಟಿಲನ್ನೂ ಹತ್ತಿದವನಲ್ಲ. ಪಕ್ಕದವರ ಸ್ಪ್ರೇಯರ್ ತಂದರೂ ಸಂಜೆಯೊಳಗೆ ತೊಳೆದು ಮುಟ್ಟಿಸುವವನು. ಅವನ ಅಪ್ಪನೂ ನೆರೆಯ ಸರಸಮ್ಮನ ಮಾವನೂ ನೀರಿನ ಅನುಕೂಲಕ್ಕೆ ಬಾಯಿಮಾತಿನಲ್ಲೇ ಗದ್ದೆ ಅದಲುಬದಲು ಮಾಡಿಕೊಂಡು ನಲವತ್ತು ವರ್ಷವಾಗಿತ್ತು. ಉಳುವವರು ಬದಲಾದರು, ಪಹಣಿ ಬದಲಾಗಲಿಲ್ಲ. ಎರಡು ವರ್ಷದ ಹಿಂದೆ ಸರಸಮ್ಮ ಸಾಲ ಕೇಳಿದಾಗ ಕೀರ್ತಿರಾಜ್, "ನಿಮ್ಮ ಗದ್ದೆ ಯಾವುದು?" ಅಂದ. ಉಳುವ ಗದ್ದೆ ತೋರಿಸಿದಳು; ಕಾಗದದಲ್ಲಿ ಅದು ಚಿಕ್ಕಬೀರಯ್ಯನದು. ಮೊಬೈಲಿನ ನಕ್ಷೆ ನೋಡಿ ಸರ್ವೆ ನಂಬರ್ ಬರೆದುಕೊಂಡ. ಪಹಣಿಯಲ್ಲಿ ಯಾರ ಹೆಸರಿದೆ ಎಂದು ನೋಡಬೇಕೆನ್ನುವಷ್ಟರಲ್ಲಿ ಎಳನೀರು ಬಂತು.

ಈಗ ಮಗಳು ವರ್ಷಾಳಿಗೆ ಗದ್ದೆ ಬರೆದುಕೊಡುವ ಮುಂಚೆ ಆ ಅದಲುಬದಲನ್ನು ನೋಂದಾಯಿಸಲು ಚಿಕ್ಕಬೀರಯ್ಯ ಹೋದರೆ, ಅವನ ಪಹಣಿಯಲ್ಲಿ ಬ್ಯಾಂಕಿನ ಹೆಸರು! ಕೆಲಸ ನಿಂತಿತು.

"ಒಡೆಯ ಸಹಿ ಹಾಕದ ಅಡಮಾನಕ್ಕೆ ಕಾನೂನಲ್ಲಿ ಬೆಲೆ ಇಲ್ಲ ಕಣಯ್ಯ," ಎಂದರು ಚಂದ್ರಮೌಳಿ. "ಅವನ ಗದ್ದೆ ನಾವು ಮುಟ್ಟೋಕಾಗಲ್ಲ. ಸರಸಮ್ಮನ ಹೆಸರಿನ ಗದ್ದೆ ಮೇಲೆ ಅಡಮಾನ ಹಾಕಿಸೇ ಇಲ್ಲ. ನಮಗೆ ಎರಡೂ ಇಲ್ಲ! ಆದ್ರೂ ಹೆಸರು ತೆಗೆಸೋಕೆ ನಮ್ಮ ಪತ್ರ ಬೇಕು, ತಪ್ಪು ಯಾರದು ಅಂತ ಅದ್ರಲ್ಲಿರಬೇಕು. ನಿನ್ನ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತೆ, ಅಲ್ವಾ? ಸರಸಮ್ಮನೇ ತಪ್ಪು ನಂಬರ್ ಕೊಟ್ರು ಅಂತ ಬರಿ."

ಕೀರ್ತಿರಾಜ್ ಬರೆದ. ಆ ಒಂದು ವಾಕ್ಯಕ್ಕೆ ಸರಸಮ್ಮ ಸುಳ್ಳುಗಾತಿಯಾಗುತ್ತಾಳೆ ಎಂದು ಗೊತ್ತಿದ್ದೂ ಅಕ್ಷರ ಮುತ್ತಿನಂತೆ ಬಂದವು. ಪತ್ರ ಮಡಚಿಕೊಂಡು ಮಲ್ಲಿಪಟ್ಟಣಕ್ಕೆ ಹೊರಟ.

ಚಿಕ್ಕಬೀರಯ್ಯ ಜಗಲಿಯಲ್ಲಿ ಕೂತಿದ್ದ. "ಬಾಪ್ಪಾ ಬೋರ್ಡು ಸಾಯೇಬ, ಸಿಕ್ತಾ ನಿನ್ ಬೋರ್ಡು?"

ವರ್ಷಾ ಕಿಸಕ್ಕೆಂದಳು. ಕೀರ್ತಿರಾಜ್ ಪತ್ರ ಓದಿದ. ವರ್ಷಾ ನಗು ನಿಲ್ಲಿಸಿ ಅಪ್ಪನ ಕಡೆ ನೋಡಿದಳು.

"ನಿಮ್ಮ ಕೆಲಸ ಆಗುತ್ತಲ್ಲ ತಾತ," ಎಂದ ಕೀರ್ತಿರಾಜ್, ತಲೆಯೆತ್ತದೆ. "ತಪ್ಪು ಯಾರ ಹೆಸರಲ್ಲಿದ್ರೆ ನಿಮಗೇನು?"

"ಆವಮ್ಮ ನಂಬರ್ ಯೋಳ್ನಿಲ್ಲ ಕಣ್ಲಾ, ಗದ್ದೆ ತೋರ್ಸ್ತು. ಬರ್ದೋನು ನೀನು. ನಿನ್ನೆಸ್ರು ಆಕು."